ಎರಡು ನೂಲು

ಪಂಚಾಕ್ಷರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಪೀಣ್ಯದಲ್ಲಿ, ಸ್ಕ್ರೂ ಮಾಡುವ ಎರಡು ಕಾರ್ಖಾನೆಗಳ ಸಂದಿಯಲ್ಲಿದ್ದ ಅವನ ಶೆಡ್ಡಿಗೆ ಇಪ್ಪತ್ತಾರು ವರ್ಷಗಳಿಂದ ಕಾರುಗಳು ಬರುತ್ತಿದ್ದವು, ತಗ್ಗು ತೆಗೆಸಿಕೊಂಡು ಹೋಗುತ್ತಿದ್ದವು. ಅವನು ಮಾತ್ರ ಸಂಜೆ ರಾಜಗೋಪಾಲನಗರದ ಮನೆಗೆ ನಡೆದೇ ಹೋಗುತ್ತಿದ್ದ. ತಗಡಿನ ಕೆಲಸದವನು. ಅಳತೆಗೆ ಅವನ ಹತ್ತಿರ ಇದ್ದದ್ದು ಬಲಗೈಯ ಅಂಗೈ ಒಂದೇ. ಸುತ್ತಿಗೆಯಿಂದ ನಾಲ್ಕು ಏಟು, ಆಮೇಲೆ ಕಣ್ಣು ಮುಚ್ಚಿ ಕಾರಿನ ಮೂಗಿನಿಂದ ಬಾಲದವರೆಗೆ ಒಂದು ಸಲ ಸವರುವುದು, ಮತ್ತೆ ನಾಲ್ಕು ಏಟು. ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಟ್ಟುಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ, "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಸ್ವಾಮಿ" ಎನ್ನುತ್ತಿದ್ದ. ಗಾದೆ ಅಲ್ಲಿಗೆ ಪೂರ್ತಿ ಹೊಂದುತ್ತಿರಲಿಲ್ಲ. ಆದರೆ ಗಾದೆ ಹೇಳಿದವನ ಜೊತೆ ವಾದ ಮಾಡುವವರು ಕಡಿಮೆ.

ಮದುವೆಗೆ ಮುಂಚಿನಿಂದಲೂ ಅವನಿಗೊಂದು ಕನಸು ಬೀಳುತ್ತಿತ್ತು. ತಣ್ಣನೆಯ ಉದ್ದ ತಗಡು, ಅದರ ಮೈಮೇಲೊಂದು ಗೆರೆ. ಬರೆದ ಗೆರೆಯಲ್ಲ, ತಗಡೇ ಸ್ವಲ್ಪ ಉಬ್ಬಿ ಆದದ್ದು. ಅಂಗೈಯಿಟ್ಟುಕೊಂಡು ಅದರ ಪಕ್ಕದಲ್ಲಿ ನಡೆಯುತ್ತಾ ಹೋಗುತ್ತಾನೆ. ಗೆರೆ ಏರುತ್ತದೆ, ಬಾಗುತ್ತದೆ, ಇನ್ನೇನು ಎಲ್ಲಿಗೋ ಮುಟ್ಟುತ್ತದೆ ಎನ್ನುವಾಗ ಎಚ್ಚರವಾಗುತ್ತದೆ. ಹೆಂಡತಿ ಭದ್ರಮ್ಮನಿಗೆ ಈ ಕನಸಿನ ಪರಿಚಯವಿತ್ತು. "ನಿದ್ದೇಲಿ ಗೋಡೆ ಸವರ್ತೀರಲ್ಲ, ಕೈಗೊಂದಿಷ್ಟು ಸುಣ್ಣಾನಾದ್ರೂ ಹಚ್ಕೊಂಡು ಮಲಗಿ" ಎಂದಿದ್ದಳು.

ಆ ಗೆರೆಯನ್ನು ಯಾರ ಕಾರಿನ ಮೇಲೆ ತರುವುದು? ಬಂದವರಿಗೆಲ್ಲ ಬೇಕಾಗಿದ್ದದ್ದು ತಗ್ಗಾದ ಬಂಪರು ಮೊದಲಿನಂತಾಗುವುದು. ಹೀಗಿರುವಾಗ, ೨೦೧೧ರ ಬೇಸಿಗೆಯಲ್ಲಿ ಶಶಿಕುಮಾರ್ ಬಂದ. ವೈಟ್‌ಫೀಲ್ಡಿನ ಆಚೆಯ ಹಳ್ಳಿಯವನು. ಅವರ ರಾಗಿ ಹೊಲದ ಒಂದು ಭಾಗ ಆಗಲೇ ಕಂಪನಿಯಾಗಿತ್ತು, ಇನ್ನೊಂದು ಭಾಗ ಲೇಔಟಾಗುತ್ತಿತ್ತು. ತಂದಿದ್ದು ಹಳೆಯ ಜಪಾನಿ ಕಾರು. ಇಂಜಿನ್ನನ್ನು ಪೂರ್ತಿ ಬಿಚ್ಚಿಸಿ, ಟರ್ಬೊ ಕೂರಿಸಿ, ಮುನ್ನೂರ ಹತ್ತು ಕುದುರೆಯ ಬಲಕ್ಕೆ ತಂದಿದ್ದ. ಮೈ ಮಾತ್ರ ಮುನ್ಸಿಪಾಲಿಟಿ ಗುಮಾಸ್ತನ ಮೈಯಂತಿತ್ತು.

"ಒಳಗೆ ಏನಿದೆ ಅಂತ ಹೊರಗಿಂದ್ಲೇ ಗೊತ್ತಾಗ್ಬೇಕು ಅಣ್ಣ," ಎಂದ ಶಶಿಕುಮಾರ್. "ಆದ್ರೆ ಕೂಗಾಡ್ಬಾರ್ದು."

ಪಂಚಾಕ್ಷರಿ ಸುತ್ತಿಗೆ ಕೆಳಗಿಟ್ಟ. ತನ್ನ ಕನಸನ್ನು ಇನ್ನೊಬ್ಬರು ಇಷ್ಟು ಚೆನ್ನಾಗಿ ಹೇಳಿದ್ದನ್ನು ಅವನು ಕೇಳಿರಲಿಲ್ಲ.

ನಾಲ್ಕು ತಿಂಗಳು ಹಿಡಿಯಿತು. ಶೆಡ್ಡು ಅಗಲವಿಲ್ಲ, ಕಾರಿನ ಒಂದು ಮಗ್ಗುಲು ಗೋಡೆಗೆ ಒತ್ತಿಕೊಂಡೇ ನಿಲ್ಲಬೇಕು. ಎಡಮಗ್ಗುಲು ಮುಗಿಸಿ, ಕಾರನ್ನು ತಿರುಗಿಸಿ ನಿಲ್ಲಿಸಿ ಬಲಮಗ್ಗುಲು ಮಾಡಿದ. ಎರಡನ್ನೂ ಒಟ್ಟಿಗೆ ನೋಡುವ ಅವಕಾಶವಿರಲಿಲ್ಲ, ಬೇಕೆಂದೂ ಅನ್ನಿಸಲಿಲ್ಲ. ಅಂಗೈ ಎರಡೂ ಕಡೆ ಒಂದೇ ಮಾತು ಹೇಳಿತ್ತು.

ಮಂಗಳವಾರ ಬಣ್ಣ, ಮುಂದಿನ ತಿಂಗಳು ಕಾರುಗಳ ಪ್ರದರ್ಶನ ಎಂದು ನಿಶ್ಚಯವಾಯಿತು. ಅದಕ್ಕೆ ಮುಂಚೆ ಭಾನುವಾರ ಬೆಳಿಗ್ಗೆ ಬಣ್ಣದ ಕೆಳಗೆ ಬಳಿಯುವ ಬೂದಿ ಪ್ರೈಮರಿನಲ್ಲೇ ಕಾರನ್ನು ಗೆಳೆಯರಿಗೆ ತೋರಿಸಲು ಶಶಿಕುಮಾರ್ ತನ್ನ ಲೇಔಟಿಗೆ ಒಯ್ದ. ಪಂಚಾಕ್ಷರಿಯನ್ನೂ ಕರೆದುಕೊಂಡು ಹೋದ. ಇಸ್ತ್ರಿ ಅಂಗಿ ಹಾಕಿಕೊಂಡು ಅವನು ಹೋದದ್ದು ಒಂದು ವಿಚಿತ್ರ ಊರಿಗೆ: ರಸ್ತೆಯಿತ್ತು, ದೀಪದ ಕಂಬಗಳಿದ್ದವು, 'ಮೂರನೇ ಅಡ್ಡರಸ್ತೆ' ಎಂಬ ಫಲಕವೂ ಇತ್ತು, ಮನೆ ಮಾತ್ರ ಒಂದೂ ಇರಲಿಲ್ಲ. ಮಂಜಿನಲ್ಲಿ ಹತ್ತು ಹನ್ನೊಂದು ಕಾರುಗಳು ಮೇಯಲು ಬಿಟ್ಟ ದನಗಳಂತೆ ನಿಂತಿದ್ದವು. ಹಳದಿ ಕಾರೊಂದಕ್ಕೆ ಹಿಂದುಗಡೆ ಮಂಚದಷ್ಟು ದೊಡ್ಡ ರೆಕ್ಕೆಯಿತ್ತು.

"ಇದ್ಯಾಕೆ ಗುರು?" ಎಂದು ಯಾರೋ ಕೇಳಿದರು.

"ನೂರೈವತ್ತರಲ್ಲಿ ಹೋಗುವಾಗ ಕಾರನ್ನ ನೆಲಕ್ಕೆ ಒತ್ತತ್ತೆ."

"ಮಾರತ್ತಹಳ್ಳೀಲಿ ಹನ್ನೆರಡರಲ್ಲಿ ಹೋಗುವಾಗ?"

"ಆಗ ಬಟ್ಟೆ ಒಣಗಿಸ್ಬೋದು, ಮುಚ್ಕೊಂಡಿರು ಮಗಾ."

ಬೂದಿ ಕಾರಿನ ಸುತ್ತ ಗುಂಪು ಸೇರಿತು. ಎಡಗಡೆ ನಿಂತಿದ್ದವಳು ದಿವ್ಯಾ. ಸಾಫ್ಟ್‌ವೇರಿನ ಹುಡುಗಿ, ಕಾರುಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರೆಯುವವಳು. "ಈ ಗೆರೆ ನೋಡ್ರೋ. ನಿಂತಲ್ಲೇ ಹಾರೋ ಹಾಗಿದೆ" ಎಂದು ಫೋಟೊ ತೆಗೆದು, ಅಲ್ಲೇ ನಿಂತು ಹಾಕಿಯೂ ಬಿಟ್ಟಳು.

"ಹಾರೋದೆಲ್ಲಿ? ಹೊಟ್ಟೆ ತುಂಬ ತಿಂದು ಮಲ್ಗಿರೋ ಹುಲಿ ಥರ ಇದೆ," ಎಂದ ಬಲಗಡೆ ನಿಂತಿದ್ದ ಅಂಜನ್. ಶಶಿಕುಮಾರನ ಇಂಜಿನ್ನು ಕಟ್ಟಿದವನು ಇವನೇ. "ಅದೇ ಸರಿ. ಶಕ್ತಿ ಇರೋನು ತೋಳು ತೋರಿಸ್ತಾ ಓಡಾಡಲ್ಲ."

"ನಿಂಗೆ ಕಣ್ಣಿಲ್ಲ ಮಚ್ಚಾ. ಇಷ್ಟು ಚೂಪಾಗಿದೆ, ಮಲ್ಗಿದೆ ಅಂತೀಯಲ್ಲ."

"ಚೂಪಾ? ಬೆಣ್ಣೆ ಥರ ಇದೆ."

ಪಂಚಾಕ್ಷರಿ ಹೊಗಳಿಕೆ ಕೇಳುತ್ತಾ ನಿಧಾನವಾಗಿ ಹಿಂದೆ ಹಿಂದೆ ಸರಿದ. ಮೂವತ್ತು ಹೆಜ್ಜೆ ದೂರದಿಂದ, ಮೊದಲ ಸಲ, ಕಾರನ್ನು ಎದುರಿನಿಂದ ನೋಡಿದ. ಕಾರಿನ ಎಡಮಗ್ಗುಲಿನ ಗೆರೆ ಬಲಮಗ್ಗುಲಿನದಕ್ಕಿಂತ ಎತ್ತರವಿತ್ತು. ಎರಡು ನೂಲು, ಅಂದರೆ ಕಾಲು ಅಂಗುಲ.

ಹೀಗೇಕಾಯಿತೆಂಬುದು ಅವನಿಗೆ ಕೂಡಲೇ ಹೊಳೆಯಿತು. ಎಡಮಗ್ಗುಲಿನಲ್ಲಿ ನಿಂತು ಮೂಗಿನಿಂದ ಬಾಲಕ್ಕೆ ಸವರಿದರೆ ಬಲಗೈ ಮೈಯಿಂದ ಆಚೆಗೆ ಹೋಗುತ್ತದೆ, ಹಗುರವಾಗಿ. ಬಲಮಗ್ಗುಲಿನಲ್ಲಿ ಅದೇ ಕೈ ಮೈಯ ಕಡೆಗೆ ಬರುತ್ತದೆ, ಒತ್ತುತ್ತಾ. ಹಗುರವಾಗಿ ಮುಟ್ಟಿದ ಕಡೆ ಉಬ್ಬು ಕೈಗೆ ಹತ್ತದೆ ಉಳಿದುಕೊಂಡಿತು, ಒತ್ತಿ ಮುಟ್ಟಿದ ಕಡೆ ಕೈಗೆ ಹತ್ತಿ, ಸುತ್ತಿಗೆಯ ಏಟಿಗೆ ಇಳಿಯಿತು. ಇಪ್ಪತ್ತಾರು ವರ್ಷ ಅಂಗೈ ಅವನಿಗೆ ಎರಡು ಮಾತು ಹೇಳಿತ್ತು. ಅವನು ಒಂದೇ ಎಂದು ಕೇಳಿಸಿಕೊಂಡಿದ್ದ.

ಅಲ್ಲಿ ಅಂಜನ್ ಮತ್ತು ದಿವ್ಯಾ ಒಂದೇ ಕಾರಿನ ಬಗ್ಗೆ ಜಗಳವಾಡುತ್ತಿದ್ದೇವೆಂದು ತಿಳಿದು ಎರಡು ಕಾರುಗಳ ಬಗ್ಗೆ ಜಗಳವಾಡುತ್ತಿದ್ದರು. ಯಾರಿಗೂ ಗೊತ್ತಾಗಿರಲಿಲ್ಲ. ಮಂಗಳವಾರ ಬಣ್ಣ ಬಿದ್ದರೆ ಇನ್ನೂ ಗೊತ್ತಾಗುವುದಿಲ್ಲ. ಸುಮ್ಮನಿದ್ದರೆ ಕಾರಿಗೂ ಅವನಿಗೂ ಹೆಸರು ಬರುತ್ತದೆ. ಆದರೆ ಒಂದು ಕನಸಿಗೆ ಎರಡು ಗೆರೆ ಇರಲಾರದು. ತಾನು ಸವರುತ್ತಾ ನಡೆಯುತ್ತಿದ್ದದ್ದು ಯಾವುದನ್ನು?

"ಶಶಿಯಣ್ಣ, ನನ್ನ ಒಂದು ಸುತ್ತು ಕರ್ಕೊಂಡ್ ಹೋಗ್ತೀರಾ? ಜೋರಾಗಿ."

ಮೊದಲು ಮುಂದಿನ ಸೀಟಿನಲ್ಲಿ, ಎಡಕ್ಕೆ ಕೂತ. ಗಾಜಿಳಿಸಿ, ಬಾಗಿಲ ಹೊರಗೆ ಕೈ ಹಾಕಿ, ಗೆರೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದ. ಕಾರು ಒಮ್ಮೆ ಮೈ ಕೊಡವಿ ಹೊರಟಿತು. ಗಾಳಿ ಗೆರೆಗೆ ಬಡಿದು, ಒಡೆದು, ಬೆರಳ ಸಂದಿಯಲ್ಲಿ ಪಟಪಟನೆ ಅದುರಿತು. ಯಾರೋ ಬಿಡದೆ ಮಾತಾಡುತ್ತಿರುವ ಹಾಗೆ.

ತಿರುಗಿ ಬರುವಾಗ ಹಿಂದಿನ ಸೀಟಿಗೆ, ಬಲಕ್ಕೆ ಹೋಗಿ ಕೂತ. ಮತ್ತೆ ಕೈ ಹೊರಗೆ, ಮತ್ತೆ ಕಣ್ಣು ಮುಚ್ಚಿ. ಈಗ ಏನೂ ಇರಲಿಲ್ಲ. ಗಾಳಿ ಎಲ್ಲಿ ಮುಗಿಯಿತು, ತಗಡು ಎಲ್ಲಿ ಶುರುವಾಯಿತು, ಅಂಗೈ ಯಾವುದರದ್ದು ಎಂದು ತಿಳಿಯಲಿಲ್ಲ. ತಣ್ಣಗಿತ್ತು. ತಾನು ಕೂತಿದ್ದೇನೆ ಎಂಬುದೇ ಮರೆತು ಅದರ ಪಕ್ಕದಲ್ಲಿ ನಡೆಯುತ್ತಾ ಹೋದ. ಗೆರೆ ಏರಿತು, ಬಾಗಿತು, ಇನ್ನೇನು ಎನ್ನುವಾಗ ರಸ್ತೆ ಮುಗಿದು ಶಶಿಕುಮಾರ್ ಬ್ರೇಕ್ ಹಾಕಿದ.

"ಹೆಂಗಣ್ಣ?"

"ಎಡಗಡೆ ತಪ್ಪಾಗಿದೆ," ಎಂದ ಪಂಚಾಕ್ಷರಿ. "ಎರಡು ನೂಲು ಎತ್ರ ಇದೆ. ನಂದೇ ತಪ್ಪು. ಬಿಚ್ಬೇಕು."

"ಎಲ್ರೂ ಫೋಟೊ ತೆಗೆದಿರೋದು ಅದೇ ಕಡೆ. ದಿವ್ಯಾ ಹಾಕಿ ಆಯ್ತು."

"ಗೊತ್ತು."

"ಎರಡು ನೂಲು ಯಾರಿಗ್ ಕಾಣತ್ತೆ ಅಣ್ಣ?"

"ಅವ್ರಿಬ್ರೂ ಬೆಳಗ್ಗೆಯಿಂದ ಯಾಕ್ ಕಿತ್ತಾಡ್ತಿದ್ದಾರೆ ಅಂದ್ಕೊಂಡ್ರಿ?"

ಶಶಿಕುಮಾರ್ ಇಳಿದು, ಎದುರಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದ. ಬಹಳ ಹೊತ್ತು ನೋಡಿದ. ಎದ್ದು ಬಂದವನ ಮುಖದಲ್ಲಿ ಸಿಟ್ಟೂ ನಗುವೂ ಒಂದಕ್ಕೊಂದು ದಾರಿ ಬಿಡದೆ ನಿಂತಿದ್ದವು.

"ಎಷ್ಟು ದಿನ?"

"ಇಪ್ಪತ್ತು."

"ಆಮೇಲೆ ಬಣ್ಣಕ್ಕೆ ಟೈಮಿರಲ್ಲ."

"ಇರಲ್ಲ."

"ಬೂದೀಲೇ ಹೋಗ್ಲಿ ಬಿಡಿ ಪ್ರದರ್ಶನಕ್ಕೆ. ಆದ್ರೆ ಒಂದು ಮಾತು. ಈ ಸಲ ರಟ್ಟಿನ ಅಚ್ಚು ಕತ್ತರಿಸ್ತೀರಾ?"

ಪಂಚಾಕ್ಷರಿ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಹೇಳಲು ಒಂದು ಗಾದೆಯಿತ್ತು. ಹೇಳಲಿಲ್ಲ.

"ಬಲಗಡೆಯಿಂದ ಅಚ್ಚು ತೆಗೀತೀನಿ," ಎಂದ.

ಪೀಣ್ಯಕ್ಕೆ ವಾಪಸು ಹೊರಟಾಗ ಅವನು ಮುಂದಿನ ಸೀಟಿಗೆ ಬರಲೊಪ್ಪಲಿಲ್ಲ. ಹಿಂದೆ ಬಲಕ್ಕೇ ಕೂತು, ಹೊರಗೆ ಗೆರೆಯ ಮೇಲೆ ಕೈಯಿಟ್ಟುಕೊಂಡ. ಮಾರತ್ತಹಳ್ಳಿಯಲ್ಲಿ ಮುನ್ನೂರ ಹತ್ತು ಕುದುರೆಗಳೂ ಒಂದು ನೀರಿನ ಟ್ಯಾಂಕರಿನ ಹಿಂದೆ ನಿಂತವು. ಕಾರಿಗೂ ರಸ್ತೆಯ ನಡುಗಟ್ಟೆಗೂ ನಡುವೆ ಸ್ಕೂಟರೊಂದು ನುಗ್ಗಿ, ಕಾರಿನ ಮೂಗಿನವರೆಗೆ ಬಂದು, ಮುಂದೆ ದಾರಿಯಿಲ್ಲದೆ ಸಿಕ್ಕಿಕೊಂಡಿತು. ಕಾಲ ಹತ್ತಿರ ಸೇವಂತಿಗೆಯ ಮೂಟೆ ಇಟ್ಟುಕೊಂಡಿದ್ದ ಸವಾರ ಹೆಲ್ಮೆಟ್ಟಿನೊಳಗೆ ಫೋನು ಸಿಕ್ಕಿಸಿಕೊಂಡು ಯಾರಿಗೋ ವಿಳಾಸ ಹೇಳುತ್ತಾ, ಆಯ ತಪ್ಪದಿರಲೆಂದು ಎಡಗೈಯನ್ನು ಕಾರಿನ ಮೇಲೆ ಊರಿದ. ನೋಡುತ್ತಿದ್ದದ್ದು ಬೇರೆಲ್ಲೋ.

ಟ್ಯಾಂಕರು ಕದಲಿತು.

"ನಿಧಾನ, ಶಶಿಯಣ್ಣ," ಎಂದ ಪಂಚಾಕ್ಷರಿ. "ಇನ್ನೂ ನಿಧಾನ."

ಹಿಂದಿನವರು ಹಾರನ್ನು ಬಾರಿಸಿದರು. ಕಾರು ಇರುವೆಯ ನಡಿಗೆಯಲ್ಲಿ ಮುಂದೆ ಸರಿಯಿತು. ಕೈ ಎತ್ತಿಕೊಳ್ಳುವುದನ್ನು ಮರೆತ ಸವಾರನ ಅಂಗೈ ಗೆರೆಯ ಮೇಲೆ ಜಾರುತ್ತಾ ಬಂತು. ಚಾಲಕನ ಬಾಗಿಲು ದಾಟಿತು. ಪಂಚಾಕ್ಷರಿ ತನ್ನ ಕೈಯನ್ನು ಒಳಗೆಳೆದುಕೊಂಡ. ಸವಾರನ ಅಂಗೈ ಆ ಬಾಗಿಲನ್ನೂ ದಾಟಿ, ಹಿಂಚಕ್ರದ ಮೇಲೆ ಬಾಗಿ, ಬಾಲದವರೆಗೂ ಹೋಯಿತು. ಪಂಚಾಕ್ಷರಿ ಪೂರ್ತಿ ಹಿಂದಕ್ಕೆ ತಿರುಗಿ ಗಾಜಿನಲ್ಲಿ ನೋಡಿದ. ಕಾರು ಮುಗಿದ ಮೇಲೂ ಆ ಕೈ ಗಾಳಿಯಲ್ಲಿ ಹಾಗೆಯೇ, ಸ್ವಲ್ಪ ಬಾಗಿ, ಇನ್ನೂ ಒಂದು ಗೇಣು ಸವರುತ್ತಾ ಇತ್ತು.