ಮೇಡಂ ಬಂದ ಮೇಲೆ

ಚಟ್ಟಕ್ಕೆ ಹೆಗಲು ಕೊಡಲು ನಾಲ್ವರು ಬಗ್ಗಿದ್ದರು. ಅಷ್ಟರಲ್ಲಿ ಶೇಷಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನು ಕಿವಿಗಿಟ್ಟು, "ಆಯ್ತು ಮೇಡಂ, ಆಯ್ತು" ಎನ್ನುತ್ತಾ ಕೈಸನ್ನೆಯಲ್ಲೇ ಎಲ್ಲರನ್ನೂ ತಡೆದ.

"ಮಲ್ಲಿಕಾ ಮೇಡಂ ಹೊರಟಿದಾರಂತೆ. ಕಾಯ್ಬೇಕಂತೆ."

"ಮಧ್ಯಾಹ್ನದಿಂದ ಹೊರಟೇ ಇದಾರಲ್ಲ ಮಾರಾಯ" ಎಂದ ಪಕ್ಕದ ಮನೆಯ ಜಟ್ಟಪ್ಪ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾ. "ಹೊತ್ತು ಮುಳುಗೋದ್ರೊಳಗೆ ಬೆಂಕಿ ಕೊಡ್ಬೇಕಲ್ಲ."

"ಅವರ ಮಗೂನ ಸಾಕಿದೋಳು ನನ್ನ ತಂಗಿ. ಮುಖ ತೋರಿಸ್ದೆ ಎತ್ತಿದ್ರೆ ಬೇಜಾರು ಮಾಡ್ಕೊಳಲ್ವ? ಈ ತಿಂಗಳ ಸಂಬಳನೂ ಅಲ್ಲೇ ಇದೆ."

ಅನಿತಾ ಅಮ್ಮನ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ಸತ್ತ ಮೇಲೂ ಅಮ್ಮ ಆ ಹೆಂಗಸಿಗೇ ಕಾಯಬೇಕಲ್ಲ ಎಂದುಕೊಂಡಳು.

*

ಅನಿತಾಳ ಅಮ್ಮ ಭೈರಮ್ಮ ಬಾಳಗಡಿಯಲ್ಲಿ ಮಲ್ಲಿಕಾಳ ಮನೆಗೆ ಕೆಲಸಕ್ಕೆ ಸೇರಿದ್ದು ಮಗು ಶ್ರೀರಕ್ಷಾ ಇನ್ನೂ ತೊಟ್ಟಿಲಲ್ಲಿದ್ದಾಗ. ಮಲ್ಲಿಕಾ ಕಾಲೇಜಿನಲ್ಲಿ ಲೆಕ್ಚರರ್. ಸಂಜೆ ಐದಕ್ಕೆ ಹೊರಡಬಹುದು, ಭಾನುವಾರ ರಜೆ ಎಂದು ಮಾತಾಗಿತ್ತು. ಮಾತು ಮಾತಿನಲ್ಲೇ ಉಳಿಯಿತು. ಮಲ್ಲಿಕಾ ಬರುವಷ್ಟರಲ್ಲಿ ಭೈರಮ್ಮನ ಊರು ಮುತ್ತಿನಕೊಪ್ಪದ ಕೊನೆಯ ಬಸ್ಸು ಹೋಗಿರುತ್ತಿತ್ತು.

"ಸಾರಿ ಭೈರಮ್ಮ, ಲೇಟಾಯ್ತು. ಇವತ್ತು ಇಲ್ಲೇ ಮಲ್ಕೊಳ್ಳಿ" ಎನ್ನುತ್ತಿದ್ದಳು. ಕೆಟ್ಟವಳೇನಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದಳು, ತಾನು ಉಂಡದ್ದನ್ನೇ ಬಡಿಸುತ್ತಿದ್ದಳು. ರಜೆಯೊಂದು ಮಾತ್ರ ಅವಳ ಕೈಯಿಂದ ಬೀಳುತ್ತಿರಲಿಲ್ಲ.

ಅನಿತಾಳ ಚೊಚ್ಚಲ ಬಾಣಂತನಕ್ಕೆ ಭೈರಮ್ಮ ಒಂದು ತಿಂಗಳು ಕೇಳಿದಳು.

"ನೀವು ಮನೆಯೋರೇ ಅಲ್ವ? ಪರೀಕ್ಷೆ ಹೊತ್ತಲ್ಲಿ ಕೈ ಬಿಟ್ರೆ ಹೇಗೆ?"

ಪರೀಕ್ಷೆಗಳು ಮುಗಿದು ಅವಳು ಊರಿಗೆ ಬರುವಾಗ ಬಾಣಂತಿಗೆ ನೀರು ಹಾಕುವ ಕೆಲಸವನ್ನೆಲ್ಲ ಜಟ್ಟಪ್ಪನ ಹೆಂಡತಿ ಜಲಜಮ್ಮ ಮುಗಿಸಿದ್ದಳು. ಮೊಮ್ಮಗ ಅಜ್ಜಿಯ ಮುಖ ಕಂಡು ಕಿರುಚಿಕೊಂಡ. ಶ್ರೀರಕ್ಷಾಳನ್ನು ಕ್ಷಣದಲ್ಲಿ ಸುಮ್ಮನಾಗಿಸುತ್ತಿದ್ದ ಭೈರಮ್ಮ ಅವನನ್ನು ತಿರುಗಿ ಜಲಜಮ್ಮನ ಕೈಗೇ ಕೊಟ್ಟಳು.

ನಿನ್ನೆ ಮಧ್ಯಾಹ್ನ ಅವಳೇ ಮಗಳಿಗೆ ಫೋನು ಮಾಡಿದ್ದಳು. "ಎದೆ ಹಿಡ್ಕೊಂಡ ಹಾಗಾಗ್ತಿದೆ ಕಣೆ."

"ಈಗ್ಲೇ ಆಸ್ಪತ್ರೆಗೆ ಹೋಗಮ್ಮ."

"ಮಗೂನ ಒಂದ್ನೇ ಬಿಟ್ಟು ಹೋಗಕ್ಕಾಗುತ್ತ? ಮೇಡಂಗೆ ಫೋನಲ್ಲಿ ಹೇಳಿದೀನಿ. ಮೇಡಂ ಬಂದ ಮೇಲೆ ಹೋಗ್ತೀನಿ."

ಮೇಡಂ ಬಂದಾಗ ಭೈರಮ್ಮ ಹೊರಬಾಗಿಲ ಮೆಟ್ಟಿಲ ಮೇಲೆ ಗೋಡೆಗೊರಗಿದ್ದಳು. ಕಾಲಿಗೆ ಚಪ್ಪಲಿ ಮೆಟ್ಟಿ, ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಮಗು ಒಳಗೆ ನಿದ್ದೆಯಲ್ಲಿತ್ತು.

*

ಬಿಸಿಲು ಅಂಗಳ ದಾಟಿತು. ಫೋನು ಮತ್ತೆ ಹೊಡೆದುಕೊಂಡಿತು.

"ಇನ್ನೊಂದರ್ಧ ಗಂಟೆಯಂತೆ" ಎಂದ ಶೇಷಪ್ಪ, ಯಾರ ಮುಖವನ್ನೂ ನೋಡದೆ.

ಅನಿತಾ ಎದ್ದಳು. "ಎತ್ತಿ ಮಾವ."

"ಅವರು ಬರ್ಲಿ ಮಗ..."

"ಕಾದಿದ್ದಕ್ಕೇ ಸತ್ತಿದ್ದು ಅವಳು. ಇವತ್ತಾದ್ರೂ ಹೊತ್ತಿಗೆ ಸರಿಯಾಗಿ ಹೊರಡ್ಲಿ. ಎತ್ತಿ!"

ಜಲಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಜಟ್ಟಪ್ಪನೇ ಮೊದಲು ಬಗ್ಗಿದ. ಶೇಷಪ್ಪ ಒಂದು ಗಳಿಗೆ ಫೋನನ್ನೇ ನೋಡಿ, ಅದನ್ನು ಜೇಬಿಗೆ ಹಾಕಿ, ತಾನೂ ಹೆಗಲು ಕೊಟ್ಟ.

ಅನಿತಾಳ ಗಂಡ ಸುಂದರೇಶ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಹೆಂಗಸರು ಅಂಗಳದ ತುದಿಯಲ್ಲೇ ನಿಂತರು. ಅದಕ್ಕಿಂತ ಮುಂದೆ ಹೋಗುವ ಪದ್ಧತಿ ಅವರಲ್ಲಿಲ್ಲ. ಚಟ್ಟ ಗದ್ದೆಯ ನಡುವಿನ ಕಿರಿದಾದ ಮಣ್ಣುರಸ್ತೆಗೆ ಇಳಿಯುವಾಗ ಎದುರಿನಿಂದ ಬಿಳಿ ಕಾರು ಬಂದು ನಿಂತಿತು. ಮಲ್ಲಿಕಾ ಇಳಿದಳು. ಅಳುತ್ತಿದ್ದಳು, ನಿಜವಾಗಿಯೇ ಅಳುತ್ತಿದ್ದಳು.

"ಸಾರಿ ಭೈರಮ್ಮ, ಲೇಟಾಯ್ತು" ಎಂದಳು. ಆಮೇಲೆ ಶೇಷಪ್ಪನ ಕಡೆ ತಿರುಗಿ, "ಒಂದು ನಿಮಿಷ ಇಳಿಸಿ. ಮುಖ ನೋಡ್ತೀನಿ."

ಶೇಷಪ್ಪನ ಕಾಲು ಅಭ್ಯಾಸಬಲದಿಂದ ತಡೆಯಿತು. ಅಂಗಳದ ತುದಿಯಿಂದ ಅನಿತಾ ಅವನನ್ನೇ ನೋಡುತ್ತಿದ್ದಳು.

"ಹೆಗಲಿಗೆ ಏರಿದ್ದನ್ನ ಎಲ್ಲಂದ್ರಲ್ಲಿ ಇಳ್ಸೋ ಹಾಗಿಲ್ಲ ಮೇಡಂ" ಎಂದ ಅವನು ಕಡೆಗೆ. "ಕಾರು ಹಿಂದೆ ತಗೊಳ್ಳಿ."

ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ಮಲ್ಲಿಕಾ ಕಣ್ಣೊರೆಸಿಕೊಂಡು ಕಾರಿನಲ್ಲಿ ಕೂತಳು. ಚಟ್ಟ ನಾಲ್ಕು ಹೆಜ್ಜೆ ಮುಂದೆ ಬಂದರೆ ಕಾರು ಅಷ್ಟೇ ಹಿಂದೆ ಹೋಗುತ್ತಿತ್ತು. ಗದ್ದೆಯ ಕೊನೆಯ ತನಕ ಅದು ಹಿಂದೆ ಹಿಂದೆ ಸರಿಯುತ್ತಲೇ ಇತ್ತು, ಭೈರಮ್ಮ ಎಲ್ಲೂ ನಿಲ್ಲದೆ ಹೋಗುತ್ತಲೇ ಇದ್ದಳು.