ಏಳು ಎಣಿಸುವಷ್ಟರಲ್ಲಿ

ದಕ್ಷಿಣ ಲೆಬನಾನಿನ ನಮ್ಮ ಬೆಟ್ಟದೂರಿನಲ್ಲಿ ಬಾಂಬು ಬಿದ್ದರೆ ಮೊದಲು ಬೆಳಕು, ಸದ್ದು ಆಮೇಲೆ. ಬೆಳಕು ಕಂಡೊಡನೆ ಕಿಟಕಿ ಬಿಟ್ಟು ಕೋಣೆಗಳ ನಡುವಿನ ಓಣಿಗೆ ಓಡಿ, ಸದ್ದು ಬರುವವರೆಗೆ ಎಣಿಸಬೇಕು. ಹಳೆಯ ಯುದ್ಧದಲ್ಲಿ ನನ್ನ ಮಕ್ಕಳು ಅಂಕಿ ಕಲಿತದ್ದೇ ಹಾಗೆ. ಮೊಮ್ಮಗಳು ಲಮೀಸ್‌ಗೆ ಇದನ್ನು ಹೇಳಿದರೆ ಕಿಸಕ್ಕನೆ ನಗುತ್ತಿದ್ದಳು. ಹದಿನೈದರ ಹುಡುಗಿ, ಯಾವ ಕ್ಷಿಪಣಿಗೆ ಏನು ಹೆಸರೆಂದು ನನಗೇ ಪಾಠ ಹೇಳುವ ಪಂಡಿತೆ! ಅವಳು ಕಂಡ ಯುದ್ಧವೆಲ್ಲ ಫೋನಿನ ಅರ್ಧ ನಿಮಿಷದ ವಿಡಿಯೊಗಳದು. ಅಲ್ಲಿ ಬೆಳಕೂ ಸದ್ದೂ ಒಟ್ಟಿಗೇ ಬರುತ್ತವೆ, ಜೊತೆಗೊಂದು ಹಾಡು ಬೇರೆ.

ಅವಳ ತಾಯಿ, ನನ್ನ ಮಗಳು ಹನಾದಿ, ಕುವೈತಿನಲ್ಲಿ ನರ್ಸು. ನನ್ನನ್ನು ನಂಬಿ ಇವಳನ್ನು ಬಿಟ್ಟುಹೋಗಿದ್ದಾಳೆ.

ಮೊನ್ನೆ ಸಂಜೆ ಮುಲೂಖಿಯ ಸೊಪ್ಪು ಬಿಡಿಸುತ್ತ ಕುಳಿತಿದ್ದೆ. ಕಣಿವೆಯಾಚೆ ಆಕಾಶ ಫಳ್ಳೆಂದಿತು. ನಾನು ಓಣಿಗೆ ಓಡಿದೆ. ಕಿಟಕಿಯಿಂದ ಆಕಾಶದ ವಿಡಿಯೊ ತೆಗೆಯುತ್ತಿದ್ದ ಲಮೀಸ್ ಫೋನು ಹಿಡಿದು ಗಾಜಿನೆದುರೇ ನಿಂತಳು. ಸದ್ದೇ ಇಲ್ಲವಲ್ಲ, ಏನೂ ಆಗಿಲ್ಲ ಎಂದುಕೊಂಡಳಂತೆ. ಏಳು ಎಣಿಸುವಷ್ಟರಲ್ಲಿ ಸದ್ದು ಬಂತು, ಗಾಜೂ ಬಂತು. ಕೆನ್ನೆಗೆ ನಾಲ್ಕು ಹೊಲಿಗೆ. ಕಣ್ಣು ಉಳಿದದ್ದು ದೇವರ ದಯೆ.

ಆ ವಿಡಿಯೊ ಹಾಕಿದರೆ ಗೆಳತಿಯರು ನಂಬಲಿಲ್ಲ. ಬೆಳಕಿಗೂ ಸದ್ದಿಗೂ ಅಷ್ಟು ಅಂತರ ಯಾಕೆ, ನಕಲಿ ಎಂದು ಹಂಗಿಸಿದರು. ನಮ್ಮ ಜಾಣೆ ಆ ಅಂತರವನ್ನೇ ಕತ್ತರಿಸಿ, ಬೆಳಕಿಗೆ ಸದ್ದು ಅಂಟಿಸಿ ಮತ್ತೆ ಹಾಕಿದಳು. ಮೊದಲಿನದನ್ನು ಅಳಿಸಿಬಿಟ್ಟಳು. ಆಗ ಎಲ್ಲರೂ ನಂಬಿದರು. ಹನಾದಿಯೂ ನೋಡಿ ಫೋನು ಮಾಡಿದಳು.

"ಅಮ್ಮ, ನೀನು ಅವಳನ್ನ ಒಳಗೆ ಕರೀಲೇ ಇಲ್ವಲ್ಲ."

"ಕರೆದೆ ಕಣೇ. ಏಳು ಎಣಿಸೋವರೆಗೂ ಕರೀತಾನೇ ಇದ್ದೆ."

"ಎಲ್ಲಿದೆ ಏಳು? ಬೆಳಕು ಬಂದಿದ್ದೇ ಢಮ್ ಅಂತಿದೆ."

ಅದೇ ಓಣಿಯಲ್ಲಿ ನನ್ನ ಸೊಂಟ ತಬ್ಬಿ ಎಣಿಸಿದ್ದವಳ ಮಾತು ಇದು. ನನಗೆ ಮೈಯೆಲ್ಲ ಉರಿದುಹೋಯಿತು. ನೀನಾದರೂ ಹೇಳೇ ಎಂದು ಲಮೀಸ್‌ಳ ಕೈಗೆ ಫೋನು ತುರುಕಿದೆ. ಅವಳು ಹೊಲಿಗೆ ಮುಟ್ಟಿಕೊಳ್ಳುತ್ತ ತನ್ನ ಫೋನಿನಲ್ಲಿ ವಿಡಿಯೊ ಹಾಕಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ಗೊತ್ತಿಲ್ಲ ತೇತಾ. ಇದ್ರಲ್ಲಿ ನಿನ್ನ ದನಿ ಇಲ್ಲ."

"ಕತ್ತರಿಸಿದ್ದು ನೀನೇ ಅಲ್ವೇನೇ? ಅದ್ರಲ್ಲಿತ್ತು ನಿನ್ನ ಈ ಅಜ್ಜಿ ದನಿ," ಎಂದೆ.

"ಇತ್ತೇನೋ. ನಂಗೆ ನೆನಪಾಗೋದು ಈಗ ಇದೊಂದೇ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಆ ರಾತ್ರಿಯಿಂದ ನಾನೂ ಅದನ್ನೇ ಹಾಕಿಸಿಕೊಂಡು ನೋಡುತ್ತಿದ್ದೇನೆ. ಒಂದರಿಂದ ಏಳರವರೆಗೆ ಗಟ್ಟಿಯಾಗಿ ಎಣಿಸಿದ್ದು ಚೆನ್ನಾಗಿ ನೆನಪಿದೆ, ಒಂದಂಕಿಯೂ ತಪ್ಪಿಲ್ಲ. ಇರುವುದೊಂದೇ ಬಾಯಿ. ಹಾಗಾದರೆ ಅವಳನ್ನು ಕರೆದದ್ದು ಯಾವಾಗ?