ಮಳೆ ಎಷ್ಟು, ಮಗಳು ಎಷ್ಟು

ಹೊಂಗಡಹಳ್ಳದ ಕಡೆಯ ಕಾಫಿ ಬೆಳೆಗಾರರು ಸುಳ್ಳು ಹೇಳುವವರಲ್ಲ. ದೇವರ ಮುಂದೆ ಹೇಳುವುದಿಲ್ಲ, ಹೆಂಡತಿಯ ಮುಂದೆ ಹೇಳಿ ದಕ್ಕಿಸಿಕೊಳ್ಳುವ ತಾಕತ್ತಿಲ್ಲ. ಮಳೆಯ ವಿಷಯ ಮಾತ್ರ ಬೇರೆ.

ಮಳೆ ಬಿದ್ದ ಮಾರನೇ ಬೆಳಗ್ಗೆ ಪ್ರತಿಯೊಂದು ತೋಟದ ಮನೆಯಲ್ಲೂ ರೈನ್ ಗೇಜ್ ಬಿಚ್ಚುತ್ತಾರೆ. ಒಳಗಿನ ನೀರನ್ನು ಗೆರೆ ಎಳೆದ ಗಾಜಿನ ಲೋಟಕ್ಕೆ ಸುರಿದು, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಅಲ್ಲಿಯವರೆಗೆ ಎಲ್ಲವೂ ಶುದ್ಧ ವಿಜ್ಞಾನ. ಆಮೇಲೆ ಫೋನು ಕೈಗೆ ಬರುತ್ತದೆ.

ದಯಾನಂದನ ಮನೆಯಲ್ಲಿ ಗೇಜ್ ನೋಡುವ ಕೆಲಸ ಐದನೇ ಕ್ಲಾಸಿನ ಮಗಳು ಚೈತ್ರಶ್ರೀಯದು. ಅವಳು ಅಂಗಳದಿಂದ "ಅಪ್ಪಾಜಿ, ಅರವತ್ತು ಸೆಂಟು" ಎಂದು ಕೂಗುತ್ತಾಳೆ. ಅವನು ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ತೊಂಬತ್ತು ಎಂದು ಹಾಕುತ್ತಾನೆ. ದಯಾನಂದನ ಕೈ ಧಾರಾಳ, ಪಂಕ್ತಿಯಲ್ಲಿ ಪಾಯಸ ಬಡಿಸುವಾಗಲೂ ಹಾಗೇ. ಪಕ್ಕದ ತೋಟದ ದೇವೇಂದ್ರ ಅವನ ಬಾಲ್ಯಸ್ನೇಹಿತ. ಆ ಅಂಕಿಯನ್ನು ನೋಡಿಯೇ ತನ್ನ ಗೇಜ್ ಬಿಚ್ಚುತ್ತಾನೆ. ಅವನದು ಯಾವತ್ತೂ ಐದು ಸೆಂಟು ಜಾಸ್ತಿ. ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ, ಫೆಬ್ರವರಿ ಕೊನೆಯ ಆ ಶನಿವಾರದವರೆಗೆ.

ಅವತ್ತು ಸಕಲೇಶಪುರದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಪೋಷಕರ ಸಭೆ. ಯಾವುದೋ ಕಂಪನಿಯವರು ಬಂದು ಐದನೇ ಕ್ಲಾಸಿನ ಮಕ್ಕಳಿಗೆ ಓದು ಮತ್ತು ಲೆಕ್ಕದ ಪರೀಕ್ಷೆ ಮಾಡಿ, ಮದುವೆ ಕಾರ್ಡಿನಷ್ಟು ಚೆಂದದ ರಿಪೋರ್ಟು ಕೊಟ್ಟಿದ್ದರು. ಅದರಲ್ಲಿ ಬಣ್ಣದ ಪಟ್ಟಿಗಳಿದ್ದವು, ಬಾಣಗಳಿದ್ದವು. ಚೈತ್ರಶ್ರೀಯದರಲ್ಲಿ ಓದಿನ ಮುಂದೆ ಎಪ್ಪತ್ತೊಂದು, ಲೆಕ್ಕದ ಮುಂದೆ ಇಪ್ಪತ್ತಮೂರು.

"ಪಾಸಿಗೆ ಎಷ್ಟು ಬೇಕು ಮಿಸ್?" ದಯಾನಂದ ಕೇಳಿದ.

"ಇದರಲ್ಲಿ ಪಾಸು ಫೇಲು ಇಲ್ಲ ಸರ್," ಅಂದರು ಕ್ಲಾಸ್ ಟೀಚರ್ ಆಶಾ ಮಿಸ್. ಪಾಸು ಫೇಲು ಇಲ್ಲದ ಪರೀಕ್ಷೆಯನ್ನು ಯಾಕಾದರೂ ಮಾಡುತ್ತಾರೋ ಎಂದು ಇಡೀ ಸಭೆ ಗೊಣಗಿತು. ಇದು ಪರ್ಸೆಂಟೈಲು, ನೂರಕ್ಕೆ ಇಪ್ಪತ್ತಮೂರು ಅಂಕವಲ್ಲ, ಮೂರೂ ಸೆಕ್ಷನ್ ಸೇರಿ ಸುಮಾರು ನೂರು ಮಕ್ಕಳಿದ್ದಾರೆ, ಅವರನ್ನು ಸಾಲಾಗಿ ನಿಲ್ಲಿಸಿದರೆ ಈ ಮಗುವಿನ ಹಿಂದೆ ಇಪ್ಪತ್ತಮೂರು ಮಕ್ಕಳು ಎಂದರ್ಥ ಎಂದು ಆಕೆ ಎರಡೆರಡು ಸಲ ಹೇಳಿದರು. ಪೋಷಕರು ಎರಡೆರಡು ಸಲ ತಲೆಯಾಡಿಸಿ, ಹಂಗಾದ್ರೆ ಪಾಸಿಗೆ ಎಷ್ಟು ಅಂದರು. ಆಶಾ ಮಿಸ್ ಬೋರ್ಡು ಒರೆಸಿದರು.

"ನೋಡಿ, ಈ ಸೀಮೆಯಲ್ಲಿ ನೂರು ಎಸ್ಟೇಟ್ ಇದೆ ಅಂದ್ಕೊಳ್ಳಿ. ಒಂದು ದಿನ ನಿಮಗೆ ಬಿದ್ದ ಮಳೆ ಇಪ್ಪತ್ತಮೂರು ಎಸ್ಟೇಟಿಗಿಂತ ಹೆಚ್ಚು, ಮಿಕ್ಕವಕ್ಕಿಂತ ಕಮ್ಮಿ. ಅಷ್ಟೇ. ಹಾಗಂತ ನಿಮಗೆ ಇಪ್ಪತ್ತಮೂರು ಸೆಂಟು ಬಿತ್ತು ಅಂತಲ್ಲ."

ಸಭೆಯ ತುಂಬ "ಓಹೋಹೋ" ಎಂಬ ಸದ್ದು ಹೊರಟಿತು. ಹೀಗೆ ಹೇಳೋದು ಬಿಟ್ಟು ಪರ್ಸೆಂಟೈಲು ಗಿರ್ಸೆಂಟೈಲು ಅಂತಾರಲ್ಲ! ಈ ಅಂಕಿ ಹೋಲಿಸಿಕೊಂಡು ಮೆರೆಯುವುದಕ್ಕಲ್ಲ, ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯುವುದಕ್ಕೆ ಎಂದು ಆಕೆ ಮುಂದುವರಿಸಿದ್ದು ನಿಜ. ಅಷ್ಟು ಹೊತ್ತಿಗೆ ಎಲ್ಲರೂ ಪಕ್ಕದವರ ರಿಪೋರ್ಟಿನ ಕಡೆ ಕತ್ತು ಚಾಚಿದ್ದರು.

ದಯಾನಂದ ಹೆಂಡತಿ ಶ್ವೇತಾಳನ್ನೂ ಮಗಳನ್ನೂ ಕರೆದುಕೊಂಡು ಹೊರಡುವಾಗ ಆಶಾ ಮಿಸ್ ತಡೆದರು. "ಇವಳು ಓದಿದ್ದನ್ನ ಚೆನ್ನಾಗಿ ಅರ್ಥ ಮಾಡ್ಕೋತಾಳೆ. ಕೂಡೋದು ಕಳೆಯೋದೂ ಸರಿ ಇದೆ. ಭಿನ್ನರಾಶಿ ಒಂದರಲ್ಲಿ ನಿಂತುಬಿಟ್ಟಿದಾಳೆ, ಅದರ ಮೇಲೆ ಬರೋದೆಲ್ಲ ಜಾರ್ತಾ ಇದೆ. ಸೋಮವಾರದಿಂದ ಸಂಜೆ ನಾನೇ ಕ್ಲಾಸ್ ತಗೋತೀನಿ. ಎಂಟೇ ಮಕ್ಕಳು. ವ್ಯಾನ್ ಹೋಗಿರತ್ತೆ, ನೀವೇ ಬಂದು ಕರ್ಕೊಂಡು ಹೋಗಬೇಕು. ನಾಳೆ ಸಂಜೆಯೊಳಗೆ ಒಂದು ಮಾತು ತಿಳಿಸಿ. ಜಾಗ ತುಂಬಿದರೆ ಮುಂದಿನ ವರ್ಷವೇ."

"ನಾನು ಹೋಗ್ತೀನಿ," ಅಂದಳು ಚೈತ್ರಶ್ರೀ, ಯಾರೂ ಕೇಳದಿದ್ದರೂ.

"ನೋಡಾನ," ಅಂದ ದಯಾನಂದ. ನೋಡಾನ ಎಂದರೆ ಅವರ ಮನೆಯಲ್ಲಿ ಇಲ್ಲ ಎಂದು ಅರ್ಥ. ವ್ಯಾನು ಹೋದ ಮೇಲೆ ಯಾರ ಜೀಪು ಗೇಟಿನಲ್ಲಿ ನಿಂತಿರುತ್ತದೋ ಅವರ ಮಗು ದಡ್ಡು. ಆ ಊರಿನಲ್ಲಿ ಮನುಷ್ಯರ ಮುಖ ಮರೆತಾರು, ಜೀಪಿನ ನಂಬರು ಮರೆಯುವುದಿಲ್ಲ.

ಸಂಜೆ ಬೆಳೆಗಾರರ ಗ್ರೂಪಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ತನ್ನ ಮಗನ ಲೆಕ್ಕದ ಅಂಕಿ ಹಾಕಿದ, ಎಂಬತ್ತೊಂದು. ಮುಗಿಯಿತು. ಮಳೆ ಬಿದ್ದ ಬೆಳಗಿನಂತೆ ಅಂಕಿಗಳು ಸುರಿದವು. ದಯಾನಂದ ಎಂಬತ್ತಮೂರು ಎಂದು ಹಾಕಿದ. ಆ ಬೆರಳಿಗೆ ಅಷ್ಟು ವರ್ಷದ ಅಭ್ಯಾಸ, ಅದನ್ನು ತಪ್ಪು ಅನ್ನುವುದು ಹೇಗೆ? ದೇವೇಂದ್ರ ತನ್ನ ಮಗ ರೇವಂತನದು ಎಂಬತ್ತೆಂಟು ಅಂದ. ಊಟದ ಹೊತ್ತಿಗೆ ಮೂವತ್ತು ಮನೆಯವರು ಹಾಕಿಯಾಗಿತ್ತು, ಎಂಬತ್ತಕ್ಕಿಂತ ಕೆಳಗೆ ಒಂದು ಮಗುವೂ ಇರಲಿಲ್ಲ. ಇಷ್ಟೊಂದು ಬುದ್ಧಿವಂತರನ್ನು ಒಂದೇ ರಸ್ತೆಯ ಮೇಲೆ ಹುಟ್ಟಿಸಿದ ದೇವರಿಗೆ ಮಿಕ್ಕ ಜಿಲ್ಲೆಯ ಮೇಲೆ ಏನು ಕೋಪವೋ.

ಅವತ್ತೇ ರಾತ್ರಿ ವರ್ಷದ ಮೊದಲ ಹೂಮಳೆ ಬಂತು. ಒಂದು ಇಂಚಾದರೂ ಬಿದ್ದರೆ ಕಾಫಿಯ ಮೊಗ್ಗು ಪೂರ್ತಿ ಅರಳುತ್ತದೆ. ಕಮ್ಮಿಯಾದರೆ ಅರ್ಧಕ್ಕೆ ನಿಂತು ಸುಟ್ಟುಹೋಗುತ್ತದೆ. ಹಾಗಾಗಬಾರದೆಂದರೆ ತಡಮಾಡದೆ ಸ್ಪ್ರಿಂಕ್ಲರ್ ಹಾಕಿ, ಮಳೆ ಉಳಿಸಿದ ಬಾಕಿಯನ್ನು ಕೆರೆಯ ನೀರಿನಿಂದ ತುಂಬಬೇಕು. ಭಾನುವಾರ ಬೆಳಗ್ಗೆ ಚೈತ್ರಶ್ರೀ ಲೋಟ ಎತ್ತಿ ನೋಡಿ, "ಇಪ್ಪತ್ತೆಂಟು ಸೆಂಟು" ಎಂದು ಕೂಗಿದಳು. ದಯಾನಂದ ಗ್ರೂಪಿನಲ್ಲಿ ಒಂದು ಇಂಚು ಹತ್ತು ಸೆಂಟು ಎಂದು ಹಾಕಿ, ಓಡಿಹೋಗಿ ಕೆರೆಯ ಹತ್ತಿರ ಮೋಟರ್ ಚಾಲೂ ಮಾಡಿದ. ಒಂದಿಂಚಿನ ಮೇಲೆ ಮಳೆ ಬಿದ್ದವನ ತೋಟದಲ್ಲಿ ಮೋಟರ್ ಯಾಕೆ ಬಡಿದುಕೊಳ್ಳುತ್ತಿದೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರ ಮೋಟರೂ ಬಡಿದುಕೊಳ್ಳುತ್ತಿತ್ತು.

ತಿಂಡಿಯ ಹೊತ್ತಿಗೆ ದೇವೇಂದ್ರನ ಫೋನು ಬಂತು.

"ಏನ್ ಮಾರಾಯ, ಒಳ್ಳೆ ಹದ ಮಳೆ ಹೊಡ್ಕೊಂಡ್ಬುಟ್ಟೆ! ನಮ್ಗೂ ಒಂದೂ ಹದಿನೈದು ಬಂತು ಬಿಡು. ಅದಿರ್ಲಿ, ನಾಳೆಯಿಂದ ಅದೇನೋ ಸಂಜೆ ಕ್ಲಾಸಂತೆ, ದಡ್ಡು ಮಕ್ಳಿಗೆ. ಯಾರ್ ಯಾರ್ ಜೀಪ್ ನಿಲ್ತದೋ ನೋಡ್ಬೇಕು ಕಣೋ, ಮಜಾ ಐತೆ."

"ನಮ್ದಂತೂ ನಿಲ್ಲಾಕಿಲ್ಲಪ್ಪ," ಅಂದುಬಿಟ್ಟ ದಯಾನಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ಆಮೇಲೆ ಹೊಳೆಯಿತು.

ಅಡುಗೆಮನೆಯ ಬಾಗಿಲಲ್ಲಿ ಶ್ವೇತಾ ನಿಂತಿದ್ದಳು. "ರೀ, ಮಿಸ್ಸಿಗೆ ಫೋನ್ ಮಾಡಿದ್ರಾ?"

"ಯಾತಕ್ಕೆ? ಹೆಣ್ಮಗು, ಓದೋದ್ರಲ್ಲಿ ಚೆನ್ನಾಗೈತೆ. ಭಿನ್ನರಾಶಿ ಬರ್ದೇ ಇದ್ರೆ ಯಾರ್ದು ಏನ್ ಹೋಗ್ಬುಡ್ತದೆ?"

"ನಿಮ್ಮ ಮಾನ ಹೋಗ್ಬುಡ್ತದೆ ಅಂತ ನೇರ ಹೇಳಿ," ಅಂದು ಶ್ವೇತಾ ದೋಸೆಯನ್ನು ತಟ್ಟೆಗೆ ಎಸೆದು ಒಳಗೆ ಹೋದಳು.

ಚೈತ್ರಶ್ರೀ ಜಗಲಿಯಲ್ಲಿ ಅಪ್ಪನ ಫೋನು ಹಿಡಿದು ಕೂತಿದ್ದಳು. ಓದಿದ್ದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುವ ಮಗು ಎಂದು ಆಶಾ ಮಿಸ್ ಹೇಳಿದ್ದರಲ್ಲ, ಅವಳು ಗ್ರೂಪನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಿದ್ದಳು.

"ಅಪ್ಪಾಜಿ, ಎಂಬತ್ತು ಮಕ್ಕಳು ಹಿಂದೆ ನಿಂತ್ರೆ ಮುಂದೆ ಇಪ್ಪತ್ತೇ ಜನಕ್ಕೆ ಜಾಗ ಅಲ್ವಾ? ಇಲ್ಲಿ ಮೂವತ್ತು ಜನ ಅವ್ರೆ. ಮಿಕ್ಕ ಹತ್ತು ಜನ ಎಲ್ಲಿ ನಿಂತವ್ರೆ?"

ದಯಾನಂದ ಫೋನಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಮಳೆಗೆ ಸೇರಿಸಿದಂಗೆ ನನಗೂ ಸೇರಿಸಿದ್ರಾ?" ಅಂದಳು. ಅಳಲಿಲ್ಲ. ಅಳದೇ ಇದ್ದದ್ದೇ ಅವನಿಗೆ ಕಷ್ಟವಾಯಿತು. "ಫೋನಲ್ಲಿ ಒಂದಿಂಚು ಅಂದ್ರೂ ನೀವು ಗೇಜ್ ನೋಡ್ಕೊಂಡೇ ಮೋಟರ್ ಹಾಕಿದ್ರಲ್ಲ. ಇಲ್ದಿದ್ರೆ ಹೂ ಹಾಳಾಗ್ತಿತ್ತು ಅಲ್ವಾ? ನನಗೂ ಹಂಗೇ ಮಾಡಿ ಅಪ್ಪಾಜಿ. ಫೋನಲ್ಲಿ ಎಂಬತ್ಮೂರು ಅಂತಾನೇ ಹೇಳ್ಕೊಳ್ಳಿ, ನಾನು ಯಾರಿಗೂ ಹೇಳಲ್ಲ. ಕ್ಲಾಸಿಗೆ ಮಾತ್ರ ಕಳಿಸಿ."

ಬೆಟ್ಟದ ಕೆಳಗೆ ಮೋಟರು ಬಡಿದುಕೊಳ್ಳುತ್ತಲೇ ಇತ್ತು. ಕಾಫಿ ಗಿಡದ ಮೊಗ್ಗು ಸುಟ್ಟುಹೋದೀತೆಂದು ಬರಿಗಾಲಲ್ಲಿ ಓಡಿದ್ದ ದಯಾನಂದನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ತನ್ನ ಸುಳ್ಳಿಗೆ ಕಾವಲು ಕೂರುತ್ತೇನೆ ಎಂದು ಹತ್ತು ವರ್ಷದ ಮಗು ಮಾತು ಕೊಡುತ್ತಿತ್ತು. ಅವನು ಅವಳ ಕೈಯಿಂದ ಫೋನು ತೆಗೆದುಕೊಂಡು ಆಶಾ ಮಿಸ್ಸಿಗೆ ಮಾಡಿದ. ಒಂದೇ ಒಂದು ಜಾಗ ಉಳಿದಿತ್ತು. ಎಲ್ಲರ ಮಕ್ಕಳೂ ಎಂಬತ್ತರ ಮೇಲಿದ್ದ ಊರಿನಲ್ಲಿ ಮಿಕ್ಕ ಏಳು ಜಾಗ ಹೇಗೆ ತುಂಬಿದವು ಎಂದು ಕೇಳುವ ಮನಸ್ಸಾಯಿತು, ಕೇಳಲಿಲ್ಲ.

ಸೋಮವಾರ ಸಂಜೆ ಅವನು ಜೀಪನ್ನು ನೇರ ಗೇಟಿನ ಮುಂದೆಯೇ ನಿಲ್ಲಿಸಿದ. ಧೈರ್ಯ ಬಂದಿದ್ದಕ್ಕಲ್ಲ. ಆಚೆ ತಿರುವಿನ ಮರೆಯಲ್ಲೆಲ್ಲ ಆಗಲೇ ಜೀಪುಗಳು ನಿಂತು ಜಾಗವಿರಲಿಲ್ಲ. ಒಬ್ಬ ಟೈರು ಒದ್ದು ನೋಡುತ್ತಿದ್ದ, ಇನ್ನೊಬ್ಬ ಸಿಗ್ನಲ್ ಇಲ್ಲದ ಜಾಗದಲ್ಲಿ ಜೋರಾಗಿ ಫೋನಿನಲ್ಲಿ ಮಾತಾಡುತ್ತಿದ್ದ. ದೇವೇಂದ್ರ ಬಾನೆಟ್ ಎತ್ತಿ ಅದರೊಳಗೆ ಸೊಂಟದವರೆಗೆ ಇಳಿದುಬಿಟ್ಟಿದ್ದ.

"ಏನಾತೋ ದೇವೇಂದ್ರ?"

"ಹೀಟಾಗ್ಬುಡ್ತು ಕಣೋ," ಅಂದಿತು ಬಾನೆಟ್ಟು.

ಅಷ್ಟರಲ್ಲಿ ಕ್ಲಾಸು ಬಿಟ್ಟಿತು. ಚೈತ್ರಶ್ರೀ ಮತ್ತು ರೇವಂತ, ಒಂದು ಚಕ್ಕುಲಿಯನ್ನು ಮುರಿದು ನಾಲ್ಕನೇ ಒಂದು ಭಾಗ ಯಾರಿಗೆ ಎಂದು ಜಗಳವಾಡುತ್ತ ಬಂದರು. ದೇವೇಂದ್ರ ನಿಧಾನವಾಗಿ ಹೊರಗೆ ಬಂದು ಕೈ ಒರೆಸಿಕೊಂಡ. ಕೈಯಲ್ಲಿ ಚೂರೂ ಗ್ರೀಸ್ ಇರಲಿಲ್ಲ.

"ನಿಜ ಹೇಳು ಮಾರಾಯ. ನಿಮ್ದು ಎಷ್ಟು?"

"ಇಪ್ಪತ್ಮೂರು," ಅಂದ ದಯಾನಂದ, ಟೈರು ಒದೆಯುತ್ತಿದ್ದವನಿಗೂ ಕೇಳುವ ಹಾಗೆ.

"ನಮ್ದು ಹತ್ತೊಂಬತ್ತು." ದೇವೇಂದ್ರ ಉಸಿರುಬಿಟ್ಟ. ಆಮೇಲೆ ಕಣ್ಣು ಕಿರಿದು ಮಾಡಿದ. "ಹಂಗಾರೆ ಮೊನ್ನೆ ರಾತ್ರಿ ಮಳೆ?"

ಮಗಳ ಅಂಕಿ ಹೇಳುವಾಗ ತಡವರಿಸದ ದಯಾನಂದ ಈಗ ಆಕಾಶ ನೋಡಿದ, ಶಾಲೆಯ ಗೇಟು ನೋಡಿದ. ಚೈತ್ರಶ್ರೀ ಅವನನ್ನೇ ನೋಡುತ್ತಿದ್ದಳು.

"ಮೂವತ್ತು ಸೆಂಟು," ಅಂದ.

"ಇಪ್ಪತ್ತೆಂಟು, ಅಪ್ಪಾಜಿ," ಅಂದಳು ಮಗಳು, ಮತ್ತು ಜೀಪು ಹತ್ತಿ ಕೂತಳು.